ಲೇಖನಿ ಮತ್ತು ಗಣಕಯಂತ್ರ: ಕನ್ನಡ ಬರವಣಿಗೆಯ ದೃಷ್ಟಿಯಿಂದ ಒಂದು ವಿವೇಚನೆ

ಬರೆಯುವ ಸಾಧನ ಬದಲಾದಂತೆಲ್ಲ ಬರೆಹದ ರೂಪವೂ ಬದಲಾಗುತ್ತ ಬಂದಿದೆ. ನಮ್ಮ ಹೂಲಿಯನ್ನೇ ತೆಗೆದುಕೊಳ್ಳೋಣ. ಶಾಸನಗಳಲ್ಲಿ ಪೂಲಿ ಎಂದು ಕರೆಯಲ್ಪಟ್ಟಿರುವ ಈ ಊರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳೂ ಕಲ್ಬರೆಹಗಳೂ ಇವೆ. ಅಲ್ಲಿ ಅಕ್ಷರವನ್ನು ಮೂಡಿಸಿದ್ದು ಉಳಿ. ತಾಳೆಯೋಲೆಯ ಕಾಲದಲ್ಲಿ ಆ ಕೆಲಸವನ್ನು ಕಬ್ಬಿಣದ ಕಂಟ ಮಾಡಿತು. ಓಲೆಯ ಉದ್ದಕ್ಕೂ ಹರಿದಿರುವ ನಾರಿನ ಗುಂಟ ನೇರವಾದ ಗೆರೆಯನ್ನು ಕೊರೆದರೆ ಗರಿ ಸೀಳುವ ಭಯವಿತ್ತು. ನಮ್ಮ ಅಕ್ಷರಗಳು ದುಂಡಗಾಗಲು ಇದೂ ಒಂದು ಕಾರಣವೆಂದು ಲಿಪಿಯನ್ನು ಅಭ್ಯಾಸ ಮಾಡಿದವರು ಹೇಳುವುದುಂಟು. ಮಠಗಳಲ್ಲಿಯೂ ವ್ಯಾಪಾರಿಗಳ ಮನೆಗಳಲ್ಲಿಯೂ ಬಳಕೆಯಲ್ಲಿದ್ದ ಕಡತವಾದರೋ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಮಾಡಿದ ಕಪ್ಪು ಹಾಳೆ; ಬಳಪದಿಂದ ಬರೆಯಬಹುದು, ಅಳಿಸಬಹುದು, ಮತ್ತೆ ಬರೆಯಬಹುದು. ನಮ್ಮಲ್ಲಿ ಹಿರಿಯರಾದವರೆಲ್ಲರೂ ಅಕ್ಷರ ಕಲಿತ ಪಾಟಿ ಈ ಕಡತದ ಸಮೀಪದ ಬಂಧುವೇ ಸರಿ. ಈಗ ಶಾಲೆಯ ಬಾಗಿಲಿಗೆ ಬಂದು ನಿಂತಿರುವುದು ವಿದ್ಯುತ್ತಿನ ಪಾಟಿ. ಇದನ್ನು ಪೆನ್ ಟ್ಯಾಬ್ಲೆಟ್ ಎಂದೂ ಇದರ ಲೇಖನಿಯನ್ನು ಸ್ಟೈಲಸ್ ಎಂದೂ ಕರೆಯುತ್ತಾರೆ.

2020ರ ಮಾರ್ಚ್ ತಿಂಗಳಿನಲ್ಲಿ ಶಾಲೆಗಳು ಮುಚ್ಚಿದಾಗ ಅನೇಕ ಶಿಕ್ಷಕರು ಹಲಗೆಯ ಬದಲು ಗಾಜಿನ ಮೇಲೆ ಬರೆಯುವ ಅನಿವಾರ್ಯಕ್ಕೆ ಒಳಗಾದರು. ಅಂದಿನಿಂದ ಇಂತಹ ಫಲಕಗಳನ್ನು ಶಾಲೆಗಳಿಗೆ ದಾನವಾಗಿ ಕೊಡುವ ಉದಾರಿಗಳ ಸಂಖ್ಯೆ ಬೆಳೆಯುತ್ತಿದೆ. ಕೊಟ್ಟ ಫಲಕ ಕಪಾಟಿನಲ್ಲಿ ಧೂಳು ತಿನ್ನುತ್ತ ಕುಳಿತರೆ ಆ ದಾನದಿಂದ ಯಾರಿಗೂ ಪ್ರಯೋಜನವಿಲ್ಲ. ಹಾಗೆ ಆಗುವುದಕ್ಕೆ ಶಿಕ್ಷಕರ ಆಲಸ್ಯವೇ ಕಾರಣವೆಂದು ಆಡಿಕೊಳ್ಳುವವರಿದ್ದಾರೆ. ವಾಸ್ತವದಲ್ಲಿ ಬಹಳ ಸಲ ದೋಷವಿರುವುದು ಲೇಖನಿಯನ್ನು ಸರಿಯಾಗಿ ಗ್ರಹಿಸದ ತಂತ್ರಾಂಶದಲ್ಲಿ. ಆ ದೋಷ ಎಂತಹದು, ಅದು ಕನ್ನಡಕ್ಕೆ ಏಕೆ ಹೆಚ್ಚು ತಟ್ಟುತ್ತದೆ ಎಂಬುದನ್ನು ಶಿಕ್ಷಕರೂ, ದಾನಿಗಳೂ, ವಿಶೇಷವಾಗಿ ತಂತ್ರಾಂಶ ರಚನೆಯ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳೂ ತಿಳಿಯಲೆಂಬುದು ಈ ಲೇಖನದ ಉದ್ದೇಶ.

ಗಣಕಯಂತ್ರದೊಡನೆ ಲೇಖನಿಯ ಸಂಬಂಧ ಮೌಸಿನ ಬಳಕೆಗಿಂತ ಹೊಸದೇನೂ ಅಲ್ಲ. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್ಲೆಂಡ್ ಎಂಬವರು ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಮರುವರ್ಷವೇ ರ‍್ಯಾಂಡ್ ಸಂಸ್ಥೆಯ ಫಲಕ ಬಂದಿತು. ಸುಮಾರು ಹತ್ತು ಅಂಗುಲ ಚೌಕದ ಆ ಫಲಕ ಹತ್ತು ಲಕ್ಷಕ್ಕೂ ಮೀರಿದ ಬಿಂದುಗಳನ್ನು ಗುರುತಿಸಬಲ್ಲದಾಗಿತ್ತು. ನಮ್ಮ ನಾಡಿನಲ್ಲಿ ಈ ದಿಶೆಯ ಗಣ್ಯ ಪ್ರಯತ್ನವೆಂದರೆ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಕೂಡಿ ರೂಪಿಸಿದ, ಅಂಗೈಯಲ್ಲಿ ಹಿಡಿಯುವ ಈ ಗಣಕದಲ್ಲಿ ಕೀಲಿಮಣೆಯ ಬದಲು ಸ್ಟೈಲಸ್ ಇತ್ತು. ಅಕ್ಷರ ಬಾರದವರಿಗೂ ಗಣಕಯಂತ್ರ ದಕ್ಕಬೇಕೆಂಬುದು ಅದರ ಹಿಂದಿನ ಆಶಯ. 2004ರಲ್ಲಿ ಅದು ಅಮಿಡಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ವ್ಯಾಪಾರದಲ್ಲಿ ಅದು ನಿಲ್ಲಲಿಲ್ಲ. ಆದರೂ ಕೀಲಿಮಣೆಯಿಲ್ಲದ ಗಣಕವನ್ನು ನಮ್ಮ ಜನ ಬಳಸಬಲ್ಲರು ಎಂಬ ಆ ವಿದ್ವಾಂಸರ ಎಣಿಕೆ ಸುಳ್ಳಾಗಲಿಲ್ಲವೆಂಬುದಕ್ಕೆ ಇಂದು ಪ್ರತಿ ಮನೆಯಲ್ಲಿರುವ ಮೊಬೈಲ್ ಫೋನೇ ಸಾಕ್ಷಿ.

ಲೇಖನಿಗಳಲ್ಲಿ ಮೂರು ಜಾತಿಗಳುಂಟು. ಇವುಗಳ ಭೇದವನ್ನು ತಿಳಿಯದೆ ಕೊಳ್ಳುವುದು ತರವಲ್ಲ. ಸಿಂಪ್ಯೂಟರಿನಂತಹ ಹಳೆಯ ಯಂತ್ರಗಳಲ್ಲಿ ಒತ್ತಿದರೆ ಎರಡು ಪದರಗಳು ಕೂಡಿಕೊಂಡು ಬಿಂದುವನ್ನು ತಿಳಿಸುವ ಪರದೆಯಿತ್ತು. ಕಡ್ಡಿಯಿಂದ ಒತ್ತಿದರೂ ಉಗುರಿನಿಂದ ಒತ್ತಿದರೂ ಅದಕ್ಕೆ ಒಂದೇ. ಎರಡನೆಯದು ಈಗ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ರಬ್ಬರು ತುದಿಯ ಲೇಖನಿ. ಇದು ಯಂತ್ರದ ಪಾಲಿಗೆ ಲೇಖನಿಯೇ ಅಲ್ಲ, ಬೆರಳು. ಒತ್ತಡ, ವಾಲಿಕೆ, ಮೇಲೆತ್ತಿದ ದೂರ ಯಾವುದನ್ನೂ ಅದು ತಿಳಿಸಲಾರದು. ಮೂರನೆಯದೇ ನಿಜವಾದ ಲೇಖನಿ. ಇದರಲ್ಲಿಯೂ ಬ್ಯಾಟರಿಯುಳ್ಳವು ಕೆಲವು, ಇಲ್ಲದವು ಕೆಲವು. ಜಪಾನಿನಲ್ಲಿ 1983ರಲ್ಲಿ ಸ್ಥಾಪಿತವಾದ ವ್ಯಾಕಾಮ್ ಸಂಸ್ಥೆ ಬಳಕೆಗೆ ತಂದ ವಿಧಾನದಲ್ಲಿ ಲೇಖನಿಗೆ ಬ್ಯಾಟರಿಯೇ ಬೇಡ. ಫಲಕದ ಅಡಿಯಲ್ಲಿರುವ ತಂತಿಸುರುಳಿಗಳು ಒಂದು ದುರ್ಬಲವಾದ ಕಾಂತಕ್ಷೇತ್ರವನ್ನು ಹೊರಡಿಸುತ್ತವೆ. ಲೇಖನಿಯೊಳಗಿನ ಚಿಕ್ಕ ಸುರುಳಿ ಅದಕ್ಕೆ ಅನುರಣಿಸಿ ಮರುಸಂಕೇತವನ್ನು ಕಳುಹಿಸುತ್ತದೆ. ಯಾವ ಸುರುಳಿಗೆ ಎಷ್ಟು ಬಲವಾದ ಸಂಕೇತ ಮರಳಿತು ಎಂಬುದರಿಂದ ಫಲಕ ಲೇಖನಿಯ ಸ್ಥಾನವನ್ನು ಲೆಕ್ಕಹಾಕುತ್ತದೆ. ತುದಿಯನ್ನು ಒತ್ತಿದಾಗ ಆ ಅನುರಣನ ಕೊಂಚ ಬದಲಾಗುವುದರಿಂದ ಒತ್ತಡವೂ ತಿಳಿಯುತ್ತದೆ. ತುದಿ ಫಲಕವನ್ನು ಮುಟ್ಟದೆ ಸುಮಾರು ಒಂದು ಸೆಂಟಿಮೀಟರು ಮೇಲೆ ತೇಲುತ್ತಿದ್ದರೂ ಫಲಕಕ್ಕೆ ಅದರ ಅರಿವಿರುತ್ತದೆ.

ಹೀಗೆ ಒಳ್ಳೆಯ ಫಲಕವು ಸೆಕೆಂಡಿಗೆ ಇನ್ನೂರರಷ್ಟು ಸಲ ಲೇಖನಿಯ ಸ್ಥಾನ, ಒತ್ತಡ, ಕೆಲವೆಡೆ ವಾಲಿಕೆ, ಮುಟ್ಟಿದೆಯೋ ತೇಲುತ್ತಿದೆಯೋ ಎಂಬ ಸ್ಥಿತಿ, ಬರೆಯುವ ತುದಿಯೋ ಅಳಿಸುವ ತುದಿಯೋ ಎಂಬ ಭೇದ ಇವಿಷ್ಟನ್ನೂ ಗಣಕಯಂತ್ರಕ್ಕೆ ಒಪ್ಪಿಸುತ್ತದೆ. ತೊಂದರೆ ಪ್ರಾರಂಭವಾಗುವುದು ಇಲ್ಲಿಂದ ಮುಂದೆ. ಬಹುಪಾಲು ತಂತ್ರಾಂಶಗಳನ್ನು ರಚಿಸಿದವರ ಮನಸ್ಸಿನಲ್ಲಿದ್ದುದು ಮೌಸ್. ಅಂತಹ ತಂತ್ರಾಂಶಗಳೂ ನಡೆಯಲೆಂದು ಗಣಕದ ಕಾರ್ಯಾಚರಣ ವ್ಯವಸ್ಥೆಯು ಲೇಖನಿಗೆ ಮೌಸಿನ ವೇಷವನ್ನು ತೊಡಿಸಿ ಮುಂದೆ ಕಳುಹಿಸುತ್ತದೆ. ಆ ವೇಷದಲ್ಲಿ ಒತ್ತಡವಿಲ್ಲ, ವಾಲಿಕೆಯಿಲ್ಲ. ಒತ್ತಿದೆ ಅಥವಾ ಒತ್ತಿಲ್ಲ ಎಂಬ ಎರಡೇ ಮಾತು.

ಇದರಿಂದ ಗೆರೆಯ ದಪ್ಪ ಒಂದೇ ಸಮನಾಗುತ್ತದೆ, ಅಷ್ಟೇ ತಾನೆ ಎಂದು ಕೆಲವರು ಭಾವಿಸಬಹುದು. ನಷ್ಟ ಅದಕ್ಕಿಂತ ಆಳವಾದುದು. ಮೌಸನ್ನು ಒತ್ತುವಾಗ ಕೈ ತುಸು ಅಲುಗುವುದು ಸಹಜವಾದ್ದರಿಂದ, ಕೆಲವು ಬಿಂದುಗಳಷ್ಟು ದೂರ ಸರಿಯುವವರೆಗೆ ಅದನ್ನು ಎಳೆತವೆಂದು ಪರಿಗಣಿಸದೆ ಬರೀ ಒತ್ತು ಎಂದೇ ಭಾವಿಸುವ ಪದ್ಧತಿ ಮೌಸಿನ ತಂತ್ರಾಂಶಗಳಲ್ಲಿದೆ. ವಿಂಡೋಸ್ ವ್ಯವಸ್ಥೆಯಲ್ಲಿ ಲೇಖನಿಯನ್ನು ಒಂದೆಡೆ ಒತ್ತಿ ಹಿಡಿದರೆ ಅದು ಮೌಸಿನ ಬಲಗುಂಡಿಯೆಂದು ತಿಳಿಯುವ ಏರ್ಪಾಡೂ ಉಂಟು. ಇದನ್ನು ನಿರ್ಣಯಿಸಲು ವ್ಯವಸ್ಥೆ ಕ್ಷಣಕಾಲ ಕಾಯುತ್ತದೆ, ಆ ಕ್ಷಣದಲ್ಲಿ ಬರೆದ ಗೆರೆಯ ಮೊದಲ ಭಾಗ ತಡವಾಗುತ್ತದೆ ಅಥವಾ ಮೊಟಕಾಗುತ್ತದೆ. ಇಂಗ್ಲಿಷಿನ ಉದ್ದ ಗೆರೆಗಳಿಗೆ ಇದರಿಂದ ಅಷ್ಟಾಗಿ ಬಾಧೆಯಿಲ್ಲ. ಐ ಅಕ್ಷರದ ಮೇಲಿನ ಬಿಂದು ಹೋದರೂ ಓದುಗ ಊಹಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಹಾಗಲ್ಲ. ನಮ್ಮ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಅನೇಕ ಅಕ್ಷರಗಳಲ್ಲಿ ಕೆಳಗೆ ಎಳೆಯುವ ಒಂದು ಪುಟ್ಟ ಸೀಳುಗೆರೆಯ ಮೇಲೆ ನಿಂತಿದೆ. ಹೊಟ್ಟೆ ಸೀಳಬೇಕೆಂದು ನಾವು ಮಕ್ಕಳಿಗೆ ಹೇಳಿಕೊಡುವ ಆ ಗೆರೆ ಒಂದೆರಡು ಮಿಲಿಮೀಟರಿಗಿಂತ ಉದ್ದವಿರುವುದಿಲ್ಲ. ಅದು ಎಳೆತವಲ್ಲ, ಬರಿಯ ಒತ್ತು ಎಂದು ತಂತ್ರಾಂಶ ತೀರ್ಮಾನಿಸಿತೋ, ಶಿಕ್ಷಕರು ಬರೆದ ಧನ ಪರದೆಯ ಮೇಲೆ ದನವಾಗುತ್ತದೆ! ಭಾರ ಬಾರವಾಗುತ್ತದೆ, ಫಲ ಪಲವಾಗುತ್ತದೆ. ಕಾಗುಣಿತವನ್ನು ಇನ್ನೂ ಕಲಿಯುತ್ತಿರುವ ಮಗುವಿಗೆ ತಪ್ಪು ಗುರುಗಳದೋ ಯಂತ್ರದ್ದೋ ಎಂದು ಹೇಗೆ ತಿಳಿಯಬೇಕು?

ಪರಿಹಾರ ಕಷ್ಟದ್ದಲ್ಲ. ಲೇಖನಿಯನ್ನು ಲೇಖನಿಯೆಂದೇ ತಿಳಿಸುವ ಮಾರ್ಗಗಳು ಎಲ್ಲ ವ್ಯವಸ್ಥೆಗಳಲ್ಲಿಯೂ ಇವೆ. ವಿಂಡೋಸಿನಲ್ಲಿ ವಿನ್‌ಟ್ಯಾಬ್ ಎಂಬ ಹಳೆಯ ಮಾರ್ಗವೂ ವಿಂಡೋಸ್ ಇಂಕ್ ಎಂಬ ಹೊಸ ಮಾರ್ಗವೂ ಉಂಟು. ಇವೆರಡರಲ್ಲಿ ಒಂದನ್ನು ಫಲಕದ ಡ್ರೈವರೂ ಇನ್ನೊಂದನ್ನು ತಂತ್ರಾಂಶವೂ ಹಿಡಿದರೆ ಒತ್ತಡ ಮಾಯವಾಗುತ್ತದೆ. ಫಲಕ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವ ಮೊದಲು ಇದನ್ನು ನೋಡಬೇಕು. ಕ್ರಿತಾ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ಇವೆರಡರಲ್ಲಿ ಬೇಕಾದುದನ್ನು ಆರಿಸುವ ಅವಕಾಶವನ್ನೇ ಕೊಟ್ಟಿದ್ದಾರೆ. ಬ್ರೌಸರಿನಲ್ಲಿ ನಡೆಯುವ ತಂತ್ರಾಂಶಗಳಿಗಾಗಿ ಡಬ್ಲ್ಯು3ಸಿ ಸಂಸ್ಥೆಯು 2015ರಲ್ಲಿ ಪಾಯಿಂಟರ್ ಈವೆಂಟ್ಸ್ ಎಂಬ ನಿಯಮಾವಳಿಯನ್ನು ಅಂಗೀಕರಿಸಿತು. ಅದರಂತೆ ಪ್ರತಿಯೊಂದು ಚಲನೆಯೂ ಮೌಸಿನದೋ, ಬೆರಳಿನದೋ, ಲೇಖನಿಯದೋ ಎಂದು ಹೆಸರು ಹೇಳಿಕೊಂಡೇ ಬರುತ್ತದೆ. ಒತ್ತಡವು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಾಗಿ ಬರುತ್ತದೆ. ಒತ್ತಡವನ್ನು ಅಳೆಯಲಾರದ ಸಾಧನವಾದರೆ ಒತ್ತಿದಾಗಲೆಲ್ಲ 0.5 ಎಂದು ತಿಳಿಸಬೇಕೆಂಬ ನಿಯಮವಿದೆ. ಆದ್ದರಿಂದ ಸದಾ 0.5 ಬರುತ್ತಿದ್ದರೆ ಒತ್ತಡದ ಸುದ್ದಿ ನಡುವೆ ಎಲ್ಲಿಯೋ ಕಳೆದುಹೋಗಿದೆಯೆಂದು ತಿಳಿಯಬಹುದು.

ಇನ್ನು ಸೊನ್ನೆಯ ವಿಚಾರ. ಫಲಕ ಸೆಕೆಂಡಿಗೆ 200 ಸಲ ವರದಿ ಮಾಡಿದರೂ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಮಾತ್ರ ಚಿತ್ರವನ್ನು ಬದಲಿಸುತ್ತದೆ. ಬ್ರೌಸರಾಗಲಿ ಆಂಡ್ರಾಯ್ಡ್ ಆಗಲಿ ಒಂದು ಚಿತ್ರದ ಅವಧಿಯಲ್ಲಿ ಬಂದ ಬಿಂದುಗಳನ್ನೆಲ್ಲ ಒಂದು ಕಟ್ಟಾಗಿ ಕಟ್ಟಿ, ಕೊನೆಯ ಬಿಂದುವನ್ನು ಮಾತ್ರ ಮೇಲಿಟ್ಟು ಕೊಡುತ್ತದೆ. ಕಟ್ಟನ್ನು ಬಿಚ್ಚಿ ನಡುವಿನ ಬಿಂದುಗಳನ್ನು ಕೇಳಿ ಪಡೆಯುವುದು ತಂತ್ರಾಂಶದ ಹೊಣೆ. ಕೇಳದಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ಮೂರು ಮಿಲಿಮೀಟರು ಅಗಲದ ಒಂದು ಅನುಸ್ವಾರದ ಸುತ್ತಳತೆ ಸುಮಾರು 9.4 ಮಿಲಿಮೀಟರು. ಕೈ ಸೆಕೆಂಡಿಗೆ 15 ಸೆಂಟಿಮೀಟರು ವೇಗದಲ್ಲಿ ಸಾಗುತ್ತಿದೆಯೆಂದು ಇಟ್ಟುಕೊಂಡರೆ, 60 ಬಿಂದುಗಳ ಲೆಕ್ಕದಲ್ಲಿ ಎರಡು ಬಿಂದುಗಳ ನಡುವೆ 2.5 ಮಿಲಿಮೀಟರು ಅಂತರ ಬೀಳುತ್ತದೆ. ಇಡೀ ಸೊನ್ನೆಗೆ ಸಿಕ್ಕುವುದು ನಾಲ್ಕೇ ಬಿಂದು. ಅಂದರೆ ನಮ್ಮ ಸೊನ್ನೆ ಚೌಕವಾಯಿತು. 200ರ ಲೆಕ್ಕದಲ್ಲಿ ಹನ್ನೆರಡು ಬಿಂದುಗಳು ಸಿಕ್ಕುತ್ತವೆ. ಅವುಗಳ ಮೂಲಕ ನಯವಾದ ವಕ್ರರೇಖೆಯನ್ನು ಹಾಯಿಸಿದರೆ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ನಾಲ್ಕೇ ಬಿಂದುಗಳನ್ನು ಹಿಡಿದು ಎಷ್ಟು ನಯಗೊಳಿಸಿದರೂ ಕಳೆದ ರೂಪ ಮರಳಿ ಬಾರದು. ದುಂಡು ಅಕ್ಷರಗಳ ಲಿಪಿಗೆ ಈ ಲೋಭ ತುಂಬ ದುಬಾರಿಯಾದುದು.

ದುಂಡುತನಕ್ಕೆ ಇನ್ನೊಂದು ಕಡೆಯಿಂದಲೂ ಕುತ್ತು ಬರುತ್ತದೆ. ಫಲಕದ ಅಗಲ ಎತ್ತರಗಳ ಪ್ರಮಾಣ 16ಕ್ಕೆ 10 ಇದ್ದು ಪರದೆಯದು 16ಕ್ಕೆ 9 ಇದ್ದಾಗ, ಡ್ರೈವರು ಇಡೀ ಫಲಕವನ್ನು ಇಡೀ ಪರದೆಗೆ ಹೊಂದಿಸಿದರೆ ಎತ್ತರದಲ್ಲಿ ಹತ್ತನೆಯ ಒಂದು ಪಾಲು ಕುಗ್ಗುತ್ತದೆ. ಕೈ ಬರೆದದ್ದು ವೃತ್ತ, ಪರದೆಯಲ್ಲಿ ಕಂಡದ್ದು ಅದುಮಿದ ಮೊಟ್ಟೆ. ರೇಖಾಗಣಿತದ ಶಿಕ್ಷಕರಿಗೆ ಇದು ಕೂಡಲೇ ಕಾಣುತ್ತದೆ; ಭಾಷಾ ಶಿಕ್ಷಕರು ತಮ್ಮ ಅಕ್ಷರ ಏಕೋ ಕೆಟ್ಟಿತೆಂದು ಕೊರಗುತ್ತಾರೆ. ಡ್ರೈವರಿನ ಹೊಂದಾಣಿಕೆಯಲ್ಲಿ ಪ್ರಮಾಣವನ್ನು ಕಾಯ್ದುಕೊಳ್ಳುವ ಆಯ್ಕೆಯಿರುತ್ತದೆ. ಅದನ್ನು ಒಮ್ಮೆ ಗುರುತು ಮಾಡಿದರೆ ಸಾಕು.

ವಿಳಂಬದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಮೂರು ಚಿತ್ರಗಳಷ್ಟು, ಎಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡವಾದರೂ ಮೇಲಿನ ವೇಗದಲ್ಲಿ ಮಸಿ ಲೇಖನಿಗಿಂತ 7.5 ಮಿಲಿಮೀಟರು ಹಿಂದೆ ಬೀಳುತ್ತದೆ. ಇದನ್ನು ಮರೆಮಾಡಲು ಕೆಲವು ತಂತ್ರಾಂಶಗಳು ಲೇಖನಿ ಮುಂದೆ ಎತ್ತ ಹೋಗುವುದೆಂದು ಊಹಿಸಿ ಮುಂಚಿತವಾಗಿಯೇ ಗೆರೆ ಎಳೆಯುತ್ತವೆ. ಕ್ಷಣಕ್ಷಣಕ್ಕೂ ತಿರುಗುವ ನಮ್ಮ ಅಕ್ಷರಗಳಲ್ಲಿ ಈ ಊಹೆ ಮೇಲಿಂದ ಮೇಲೆ ತಪ್ಪುವುದರಿಂದ, ಗೆರೆಯ ಮೂತಿ ಹೊರಗೆ ಚಾಚಿ ಮತ್ತೆ ಒಳಗೆ ಸೇದಿಕೊಳ್ಳುವ ವಿಚಿತ್ರ ನೋಟ ಕಾಣುತ್ತದೆ. ಕನ್ನಡಕ್ಕೆ ಊಹೆ ಎಷ್ಟು ಕಡಿಮೆಯೋ ಅಷ್ಟು ಲೇಸೆಂದು ನಮ್ಮ ಅಭಿಪ್ರಾಯ.

ಬರೆಯುವಾಗ ಅಂಗೈಯನ್ನು ಪಾಟಿಯ ಮೇಲೆ ಊರುವುದು ನಮ್ಮೆಲ್ಲರ ಅಭ್ಯಾಸ. ಪರದೆಯ ಮೇಲೆಯೇ ಬರೆಯುವ ಯಂತ್ರಗಳಲ್ಲಿ ಅಂಗೈಯೂ ಒಂದು ಬೆರಳಾಗಿ ಗೀಚುತ್ತದೆ. ಲೇಖನಿ ಹತ್ತಿರ ತೇಲುತ್ತಿರುವಷ್ಟು ಹೊತ್ತು ಬೆರಳುಗಳ ಮಾತನ್ನು ಕೇಳಬಾರದೆಂಬುದು ಸುಲಭವಾದ ನಿಯಮ. ಆದರೆ ಅನೇಕರ ಅಂಗೈ ಲೇಖನಿಗಿಂತ ಮೊದಲೇ ಊರುತ್ತದೆ. ಆ ವೇಳೆಗೆ ಗೀಚು ಬಿದ್ದಿರುತ್ತದೆ. ಆಗ ವ್ಯವಸ್ಥೆಯು ತಂತ್ರಾಂಶಕ್ಕೆ ಈ ಸ್ಪರ್ಶ ರದ್ದು ಎಂಬ ಸೂಚನೆಯನ್ನು ಕಳುಹಿಸುತ್ತದೆ. ರದ್ದು ಎಂದರೆ ಗೆರೆ ಮುಗಿಯಿತೆಂದು ಅರ್ಥವಲ್ಲ, ಗೆರೆ ನಡೆದೇ ಇಲ್ಲವೆಂದು ಅರ್ಥ. ಬಿದ್ದ ಗೀಚನ್ನು ಅಳಿಸಿಹಾಕಬೇಕು. ಇವೆರಡನ್ನೂ ಒಂದೇ ಎಂದು ತಿಳಿದ ತಂತ್ರಾಂಶಗಳಲ್ಲಿ ಪುಟದ ಬಲ ಕೆಳಮೂಲೆ ಗೀಚುಗಳಿಂದ ತುಂಬಿರುತ್ತದೆ. ಬ್ರೌಸರಿನ ತಂತ್ರಾಂಶಗಳಲ್ಲಿ ಇನ್ನೊಂದು ಎಡವಟ್ಟಿದೆ. ಬರೆಯುವ ಜಾಗದಲ್ಲಿ ಪುಟವನ್ನು ಸರಿಸಬಾರದೆಂದು ಮೊದಲೇ ತಿಳಿಸದಿದ್ದರೆ, ಲೇಖನಿಯ ಕೆಳಮುಖದ ಎಳೆತವನ್ನು ಪುಟ ಸರಿಸುವ ಸನ್ನೆಯೆಂದು ಭಾವಿಸಿ ಬ್ರೌಸರು ನಡುಗೆರೆಯಲ್ಲಿಯೇ ಅಕ್ಷರವನ್ನು ಕತ್ತರಿಸಿಬಿಡುತ್ತದೆ.

ಒತ್ತಡದ ಮಟ್ಟಗಳು 8192 ಎಂದು ಡಬ್ಬಿಯ ಮೇಲೆ ಅಚ್ಚು ಮಾಡಿರುತ್ತಾರೆ. ಕೈಗೆ ಅಷ್ಟು ಸೂಕ್ಷ್ಮ ಭೇದ ತಿಳಿಯುವುದು ದುಸ್ತರ. 2048 ಮಟ್ಟಗಳ ಫಲಕವೂ ಶಾಲೆಗೆ ಧಾರಾಳವಾಯಿತು. ಮುಖ್ಯವಾದುದು ಎಷ್ಟು ಒತ್ತಿದರೆ ಎಷ್ಟು ದಪ್ಪ ಎಂಬ ಹೊಂದಾಣಿಕೆ. ಪಾಟಿಯ ಮೇಲೆ ಬಲವಾಗಿ ಒತ್ತಿ ಬರೆದು ರೂಢಿಯಾದ ಮಗುವಿಗೂ, ಹಗುರ ಕೈಯ ಡ್ರಾಯಿಂಗ್ ಮಾಸ್ತರರಿಗೂ ಒಂದೇ ಅಳತೆ ಸಲ್ಲದು.

ಈವರೆಗೆ ಹೇಳಿದ್ದು ಬರೆದದ್ದನ್ನು ಬರೆದಂತೆ ತೋರಿಸುವ ಮಾತು. ಬರೆದ ಅಕ್ಷರವನ್ನು ಯಂತ್ರವೇ ಓದಿ ಅಚ್ಚಿನ ಅಕ್ಷರವಾಗಿ ಮಾಡುವುದು ಮುಂದಿನ ಮೆಟ್ಟಿಲು. ಈ ಕೆಲಸದಲ್ಲಿ ಕನ್ನಡ ನಾಡಿನ ಪಾಲು ಹಿರಿದು. ಎಚ್.ಪಿ. ಸಂಸ್ಥೆಯ ಬೆಂಗಳೂರಿನ ಸಂಶೋಧನಾಲಯವು ಲಿಪಿ ಟೂಲ್‌ಕಿಟ್ ಎಂಬ ಕೈಬರೆಹ ಗುರುತಿಸುವ ಸಾಮಗ್ರಿಯನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಬಿಡುಗಡೆ ಮಾಡಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ.ಜಿ. ರಾಮಕೃಷ್ಣನ್ ಅವರ ತಂಡವು ಕನ್ನಡ ಮತ್ತು ತಮಿಳು ಕೈಬರೆಹಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. 2015ರಲ್ಲಿ ಗೂಗಲ್ ಸಂಸ್ಥೆ 82 ಭಾಷೆಗಳಿಗೆ ಕೈಬರೆಹದ ಸೌಲಭ್ಯವನ್ನು ಫೋನುಗಳಲ್ಲಿ ಒದಗಿಸಿದಾಗ ಅವುಗಳಲ್ಲಿ ಕನ್ನಡವೂ ಇತ್ತು.

ಇಲ್ಲಿ ಕನ್ನಡದ ಒಂದು ವಿಶೇಷ ತೊಡಕನ್ನು ಹೇಳದಿರಲಾಗದು. ಸೂರ್ಯ ಎಂಬ ಪದವನ್ನು ಬರೆಯುವಾಗ ನಾವು ಮೊದಲು ಯಕಾರವನ್ನು ಬರೆದು ಆಮೇಲೆ ಅದರ ಬಲಕ್ಕೆ ಅರ್ಕಾವತ್ತನ್ನು ಇಡುತ್ತೇವೆ. ಉಚ್ಚಾರದಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಯೂನಿಕೋಡ್ ಸಂಕೇತವೂ ಉಚ್ಚಾರದ ಕ್ರಮವನ್ನೇ ಅನುಸರಿಸುತ್ತದೆ. ಕೈಯ ಕ್ರಮ ಒಂದು, ಸಂಕೇತದ ಕ್ರಮ ಇನ್ನೊಂದು. ಇದಲ್ಲದೆ ಕೆಲವರು ಇಡೀ ಪದವನ್ನು ಬರೆದು ಮುಗಿಸಿ ಹಿಂದಿರುಗಿ ತಲೆಕಟ್ಟು, ಒತ್ತಕ್ಷರ, ದೀರ್ಘಗಳನ್ನು ಸೇರಿಸುತ್ತಾರೆ. ಗೆರೆಗಳನ್ನು ಬಂದ ಕ್ರಮದಲ್ಲಿ ಮಾತ್ರ ನೋಡುವ ತಂತ್ರಾಂಶ ಇಲ್ಲಿ ಮುಗ್ಗರಿಸುತ್ತದೆ. ಕಾಲಕ್ರಮ, ಸ್ಥಾನ ಎರಡನ್ನೂ ಕೂಡಿಸಿ ನೋಡುವುದೇ ಗೆಲ್ಲುತ್ತದೆ. ಅದಕ್ಕಾಗಿ ಬರೆಹವನ್ನು ಬರಿಯ ಚಿತ್ರವಾಗಿ ಉಳಿಸದೆ, ಪ್ರತಿ ಗೆರೆಯ ಬಿಂದು, ಒತ್ತಡ, ಸಮಯಗಳೊಡನೆ ಉಳಿಸಿಕೊಳ್ಳಬೇಕು. ಇಂತಹ ಸಂಗ್ರಹಕ್ಕಾಗಿ ಇಂಕ್‌ಎಂಎಲ್ ಎಂಬ ನಮೂನೆಯನ್ನು 2011ರಲ್ಲಿಯೇ ಡಬ್ಲ್ಯು3ಸಿ ಅಂಗೀಕರಿಸಿದೆ. ಹಾಗೆ ಉಳಿಸಿದ ಬರೆಹವನ್ನು ಮತ್ತೆ ಓಡಿಸಿ ನೋಡಬಹುದು. ಅಕಾರವನ್ನು ಗುರುಗಳು ಎಲ್ಲಿ ಆರಂಭಿಸಿದರು, ಎಲ್ಲಿ ತಿರುಗಿಸಿದರು, ಎಲ್ಲಿ ಕೈ ಎತ್ತಿದರು ಎಂಬುದನ್ನು ಅಂದು ಶಾಲೆಗೆ ಬಾರದ ಮಗುವೂ ಮರುದಿನ ಗೆರೆಗೆರೆಯಾಗಿ ಕಾಣಬಹುದು. ಹಲಗೆಯ ಮೇಲಿನ ಬಳಪಕ್ಕೂ ಇಲ್ಲದ ಈ ಒಂದು ಗುಣಕ್ಕಾಗಿಯೇ ನಾವು ವಿದ್ಯುತ್ತಿನ ಪಾಟಿಯನ್ನು ಸ್ವಾಗತಿಸಬೇಕೆಂದು ತೋರುತ್ತದೆ.

ದಾನಿಗಳಲ್ಲಿ ಒಂದು ವಿನಂತಿ. ಫಲಕವನ್ನು ಕೊಳ್ಳುವ ಮುನ್ನ ಶಾಲೆಯಲ್ಲಿ ಬಳಸಲಿರುವ ತಂತ್ರಾಂಶವನ್ನೇ ತೆರೆಯಿಸಿ, ಅದರಲ್ಲಿ ಶಿಕ್ಷಕರೊಬ್ಬರಿಂದ ಧನ, ಅಂಕ, ಸೂರ್ಯ, ಸ್ತ್ರೀ ಎಂಬ ನಾಲ್ಕು ಪದಗಳನ್ನು ರೂಢಿಯ ವೇಗದಲ್ಲಿ, ಅಂಗೈಯನ್ನು ಊರಿಯೇ ಬರೆಯಿಸಿ ನೋಡಬೇಕು. ಒಂದು ವೃತ್ತವನ್ನೂ ಎಳೆಯಿಸಬೇಕು. ಮಾರುವವರ ಮಾತಿಗಿಂತ ಈ ಐದು ನಿಮಿಷಗಳ ಪರೀಕ್ಷೆ ಹೆಚ್ಚು ತಿಳಿಸುತ್ತದೆ. ರಬ್ಬರು ತುದಿಯ ಲೇಖನಿಗಳ ಒಂದು ಡಬ್ಬಿಗಿಂತ ನಿಜವಾದ ಒಂದು ಲೇಖನಿ ಮೇಲು. ಲೇಖನಿಯ ತುದಿ ಸವೆಯುವ ವಸ್ತುವಾದ್ದರಿಂದ ಬದಲಿ ತುದಿಗಳನ್ನೂ ಜೊತೆಗೆ ಕೊಡಿಸುವುದು ಉಚಿತ. ಕೊನೆಯದಾಗಿ, ಫಲಕವನ್ನು 180 ಡಿಗ್ರಿ ತಿರುಗಿಸಿ ಎಡಗೈಯಿಂದ ಬರೆಯುವ ಅನುಕೂಲ ಅದರ ಡ್ರೈವರಿನಲ್ಲಿದೆಯೇ ಎಂದು ವಿಚಾರಿಸಬೇಕು. ಎಡಗೈಯಿಂದ ಬರೆಯುವ ಮಕ್ಕಳೂ ತರಗತಿಗಳಲ್ಲಿ ಇದ್ದೇ ಇರುತ್ತಾರೆ.